ಅರಿಶಿನದ ಕೆಳಗಿನ ಕ್ರೀಮ್

ನನ್ನ ಹೆಸರು ಶೈಲಜಾ ಕೋಂ ಮುರುಗೇಶ್, ವಯಸ್ಸು 43 ವರ್ಷ, ಉದ್ಯೋಗ ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ, ವಾಸ ಪಟೇಲ್ ನಗರ, ಹೊಸಪೇಟೆ. ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಸಿದ್ದಲಿಂಗೇಶ್ ನನ್ನ ಅಕ್ಕನ ಗಂಡ. ಅವರ ಮಗಳು ಐಶ್ವರ್ಯಳ ಮದುವೆ ಸಂಡೂರಿನ ಗಣಿ ಗುತ್ತಿಗೆದಾರರೊಬ್ಬರ ಮಗನೊಂದಿಗೆ ದಿನಾಂಕ 11-05-2007ರ ಶುಕ್ರವಾರಕ್ಕೆ ನಿಶ್ಚಯವಾಗಿತ್ತು. ನಾನು ಮಂಗಳವಾರ ಸಂಜೆಯೇ ಕಂಪ್ಲಿಗೆ ಬಂದಿದ್ದೆ.

ಈಗ ಠಾಣೆಯಲ್ಲಿ ಕೂರಿಸಿರುವ ಭುವನೇಶ್ವರಿ ಮೆಟ್ರಿ ಗ್ರಾಮದವಳು, ಕಂಪ್ಲಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಐಶ್ವರ್ಯ ಹೊಸಪೇಟೆಯ ಕಾಲೇಜಿಗೆ ಸ್ಕೂಟಿಯಲ್ಲಿ ಅದಿರು ಲಾರಿಗಳ ಹಿಂದೆ ಹೋಗಿ ಬರುತ್ತಿದ್ದಳು. ಮುಖದ ಮೇಲಿನ ಕೆಂಪು ಧೂಳು ತೆಗೆಸಲು ಒಂದು ವರ್ಷದಿಂದ ಅವಳ ಪಾರ್ಲರಿಗೆ ಹೋಗುತ್ತಿದ್ದಳು. ಈಚೆಗೆ ಎರಡು ಸಲ ಕಣ್ಣಿನ ಕೆಳಗೆ ತುರಿಕೆಯಾಗಿತ್ತೆಂದು ನನಗೆ ಹೇಳಿದ್ದಳು. ಧೂಳಿನಿಂದ ಇರಬೇಕೆಂದು ಇಬ್ಬರೂ ಅಂದುಕೊಂಡಿದ್ದೆವು.

ಬುಧವಾರ ಮನೆಯಲ್ಲಿ ಅರಿಶಿನ ಶಾಸ್ತ್ರ ಇತ್ತು. ಮದುಮಗಳು ಹೊಸ್ತಿಲು ದಾಟಬಾರದೆಂದು ಭುವನೇಶ್ವರಿಯನ್ನೇ ಮನೆಗೆ ಕರೆಸಿದ್ದರು. ಸುಮಾರು 11-30ಕ್ಕೆ ಅವಳು ಐಶ್ವರ್ಯಳ ಮುಖಕ್ಕೆ ಮಸಾಜ್ ಕ್ರೀಮ್ ಹಚ್ಚಿದಳು. ಇಪ್ಪತ್ತು ನಿಮಿಷ ಬಿಟ್ಟು ತೊಳೆಯಬೇಕೆಂದು ಎಲ್ಲರೆದುರೇ ಹೇಳಿದಳು. ಅಷ್ಟರಲ್ಲಿ ಹನ್ನೆರಡಕ್ಕೆ ರಾಹುಕಾಲ ಬರುತ್ತದೆಂದು ಮುತ್ತೈದೆಯರು ಅರಿಶಿನದ ಬಟ್ಟಲು ಹಿಡಿದು ಬಂದರು. ಅವರಲ್ಲಿ ಪಕ್ಕದ ಮನೆಯ ಗಾಳೆಮ್ಮ, "ಸಂಡೂರಿನ ಗಂಡು ಕೆಂಪು ಮಣ್ಣು ನೋಡಿ ನೋಡಿ ಬ್ಯಾಸತ್ತಾನ. ನೀ ಹಳದಿ ಆಗವ್ವ" ಎಂದು ಎರಡೂ ಕೆನ್ನೆಗೆ ಮೆತ್ತಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಭುವನೇಶ್ವರಿ, "ತಡೀರಿ ಅಮ್ಮಾರ, ಕೆಳಗ ಕ್ರೀಮ್ ಐತಿ, ಒಂದೀಟು ತೊಳದು ಕೊಡ್ತೀನಿ" ಎಂದಳು. ಯಾರೂ ಕೇಳಲಿಲ್ಲ. ಅವಳು ತನ್ನ ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ನಮ್ಮಲ್ಲಿ ಹಚ್ಚಿದ ಅರಿಶಿನವನ್ನು ಮರುದಿನ ಸುರಗಿ ನೀರು ಹಾಕಿ ಮದುಮಗಳಿಗೆ ಸ್ನಾನದ ಶಾಸ್ತ್ರ ಮಾಡಿಸುವವರೆಗೆ ತೊಳೆಯುವುದಿಲ್ಲ. ಸಂಜೆ ಐಶ್ವರ್ಯ ಮುಖ ಉರಿಯುತ್ತಿದೆ ಎಂದಳು. ತಣ್ಣೀರಿನಲ್ಲಿ ತೊಳೆಯಲಿ ಎಂದು ನಾನು ಹೇಳಿದೆ. ಅವಳ ಅಜ್ಜಿ ನೀಲಗಂಗಮ್ಮ, "ಅರಿಶಿನ ಎಲ್ಲಾರಿಗೂ ಉರೀತೈತಿ, ನಿನಗೊಬ್ಬಾಕಿಗೇನಲ್ಲ" ಎಂದು ಅವಳಿಗೂ, "ನಿಮ್ಮ ಇಂಗ್ಲಿಷ್ ಸಾಲಿ ಹೊಸಪ್ಯಾಟ್ಯಾಗ ಇರ್ಲಿ" ಎಂದು ನನಗೂ ಹೇಳಿದರು. ಅವರು ಅಕ್ಕನ ಅತ್ತೆ. ಅರಿಶಿನ ಬೆಳಗಿನವರೆಗೆ ಹಾಗೆಯೇ ಉಳಿಯಿತು.

ಗುರುವಾರ ಬೆಳಿಗ್ಗೆ ಅರಿಶಿನ ತೊಳೆದಾಗ ಮುಖ ಬಾತು ಎರಡೂ ಕಣ್ಣು ಮುಚ್ಚಿದ್ದವು. ಕೆನ್ನೆಯಲ್ಲಿ ಗುಳ್ಳೆಗಳೆದ್ದು ನೀರು ಒಸರುತ್ತಿತ್ತು. ಹೊಸಪೇಟೆಯ ಚರ್ಮವೈದ್ಯರಿಗೆ ತೋರಿಸಿದೆವು. ಅವರು ಇದು ಅಲರ್ಜಿ ಇರಬಹುದು, ಯಾವ ವಸ್ತುವಿನದೆಂದು ಈಗ ಹೇಳಲಾಗುವುದಿಲ್ಲ, ಬಾವು ಪೂರ್ತಿ ಇಳಿದ ಮೇಲೆ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಬೇಕು ಎಂದರು.

ಸಂಜೆ ವರನ ಕಡೆಯವರು ಬಂದರು. ಭಾವನವರು ಪಾರ್ಲರಿನಿಂದ ತರಿಸಿದ ಕ್ರೀಮಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿದೆ, ಓದು ಎಂದರು. ನಾನು ಓದಿದೆ. ಡಿಎಂಡಿಎಂ ಹೈಡಾಂಟೊಯಿನ್ ಎಂಬ ಹೆಸರಿತ್ತು. ಹಾಗೆಂದರೇನು ಎಂದು ವರನ ಸೋದರತ್ತೆ ಮರುಳಸಿದ್ದಮ್ಮ ಕೇಳಿದರು. ಕ್ರೀಮ್ ಕೆಡದಂತೆ ಹಾಕುವ ವಸ್ತು, ಅದರಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ, ಅದನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಲಿನ್ ಎನ್ನುತ್ತಾರೆ ಎಂದೆ. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಅವರು, "ಅಂದ್ರ ದೊಡ್ಡಾಸ್ಪತ್ರ್ಯಾಗ ಹೆಣ ಕೊಳೀಬಾರ್ದಂತ ಹಾಕ್ತಾರಲ್ಲ, ಅದಾ?" ಎಂದರು. ಹೌದು, ಆದರೆ ಎಂದೆ. ಅವರು ಎದ್ದು ನಿಂತಿದ್ದರು. "ಹೆಣದ ನೀರು ಹಚ್ಚಿದ ಮುಖಕ್ಕ ನಮ್ಮ ಹುಡುಗ ತಾಳಿ ಕಟ್ಟಂಗಿಲ್ರಿ" ಎಂದು ಹೇಳಿ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು.

ಆ 'ಆದರೆ'ಯ ನಂತರ ನಾನು ಹೇಳಬೇಕಿದ್ದದ್ದನ್ನು ಇಲ್ಲಿ ಹೇಳುತ್ತೇನೆ. ಕ್ರೀಮಿನಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಬೂಷ್ಟು, ಕ್ರಿಮಿ ಬೆಳೆಯುತ್ತವೆ. ಈ ವಸ್ತು ನೀರಿನಲ್ಲಿದ್ದಾಗ ಫಾರ್ಮಾಲ್ಡಿಹೈಡನ್ನು ಒಂದೇ ಸಲ ಬಿಡುವುದಿಲ್ಲ. ಬಹಳ ಸ್ವಲ್ಪ ಬಿಡುತ್ತದೆ. ಅದು ಕ್ರಿಮಿಗಳನ್ನು ಕೊಂದು ಖರ್ಚಾದಂತೆ ಮತ್ತೆ ಸ್ವಲ್ಪ ಬಿಡುತ್ತದೆ. ಹೀಗಾಗಿ ಡಬ್ಬಿ ತೆರೆದಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೆಣಕ್ಕೆ ಹಾಕುವ ಪ್ರಮಾಣಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಮತ್ತೆ ಮತ್ತೆ ತಾಗಿ ಕೆಲವರ ಚರ್ಮಕ್ಕೆ ಅದು ಒಗ್ಗದಂತಾಗುತ್ತದೆ. ಅಂಥವರಿಗೆ ಆ ಸ್ವಲ್ಪವೇ ಸಾಕು. ತೊಳೆಯಬೇಕಾದದ್ದು ಇಡೀ ರಾತ್ರಿ ಮುಖದ ಮೇಲಿದ್ದರೆ ಇನ್ನೂ ಹೆಚ್ಚು. ಐಶ್ವರ್ಯಳಿಗೆ ಆದದ್ದು ಇದೇ ಎಂದು ನನಗನಿಸುತ್ತದೆ. ಆದರೆ ಕ್ರೀಮಿನ ಸುವಾಸನೆಯಿಂದಲೂ ಆಗಿರಬಹುದು, ಅರಿಶಿನದಿಂದಲೂ ಆಗಿರಬಹುದು. ಪರೀಕ್ಷೆ ಆಗದೆ ನನಗೆ ಗೊತ್ತಿಲ್ಲ.

ಶುಕ್ರವಾರ, ಅಂದರೆ ತಾಳಿ ಕಟ್ಟಬೇಕಿದ್ದ ದಿನ, ಭಾವನವರು ಭುವನೇಶ್ವರಿಯ ಮೇಲೆ ವಿಷ ಹಚ್ಚಿದಳೆಂದು ದೂರು ಕೊಟ್ಟರು. ನಂತರ ನನ್ನನ್ನು ಒಳಗೆ ಕರೆದು, ಹುಡುಗಿಯ ಮೈಯಲ್ಲೇ ದೋಷ ಅಂದರೆ ಸಂಡೂರಿನವರು ತಿರುಗಿಯೂ ನೋಡುವುದಿಲ್ಲ, ಪಾರ್ಲರಿನವಳದೇ ತಪ್ಪು ಎಂದು ಪೊಲೀಸರು ಬರೆದರೆ ಮುಂದಿನ ಮುಹೂರ್ತಕ್ಕೆ ಒಪ್ಪುತ್ತಾರೆ ಎಂದರು. "ನೀನು ಟೀಚರು, ನಿನ್ನ ಮಾತು ನಡೀತೈತಿ. ಫಾರ್ಮಲಿನ್ ಐತಿ ಅಂತ ಹೇಳು ಸಾಕು, ಸುಳ್ಳೇನಲ್ಲಲ್ಲ" ಎಂದರು. ಅಕ್ಕ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಐಶ್ವರ್ಯ ಮಾತ್ರ, "ಚಿಕ್ಕಮ್ಮ, ಅಕಿ ತೊಳಿತೀನಂದ್ಲು. ನೀನೂ ಕೇಳಿದ್ದಿ" ಎಂದಳು. ಅವಳಿಗೆ ಆಗಲೂ ಒಂದೇ ಕಣ್ಣು ತೆರೆಯುತ್ತಿತ್ತು.

ಇಂದು ಸಾಹೇಬರು ಡಬ್ಬಿಯಲ್ಲಿ ಫಾರ್ಮಲಿನ್ ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಬೇಕೆಂದು ಕೇಳಿದರು. ಇದೆ ಎಂದರೆ ಭುವನೇಶ್ವರಿಗೆ ಅನ್ಯಾಯ. ಇಲ್ಲ ಎಂದರೆ ಸುಳ್ಳು. ಆದ್ದರಿಂದ ಎಷ್ಟು, ಹೇಗೆ ಎಂಬುದನ್ನೂ ಬರೆದುಕೊಳ್ಳಲು ಕೋರಿದೆ. ಇದರಿಂದ ನನ್ನ ಅಕ್ಕನ ಮಗಳ ಮದುವೆ ನಿಲ್ಲಬಹುದೆಂದು ನನಗೆ ತಿಳಿದಿದೆ.

ಹೇಳಿಕೆಯ ನಡುವೆ ನೀರು ಕುಡಿಯಲು ಹೊರಗೆ ಹೋದಾಗ ಭುವನೇಶ್ವರಿಯ ತಾಯಿ ಜಂಬವ್ವ ಮೆಟ್ಟಿಲ ಮೇಲೆ ಕೂತಿದ್ದರು. ಏನು ಬರೆಸಿದಿರಿ ಎಂದು ಕೇಳಿದರು. ಇದ್ದದ್ದನ್ನು ಇದ್ದಂತೆ ಬರೆಸುತ್ತಿದ್ದೇನೆ ಎಂದೆ. "ಹಂಗಾರ ಈಗ ಬಿಡ್ತಾರೇನ್ರಿ?" ಎಂದರು. ನಾನು ಹೇಳಿಕೆ ಮುಗಿಸಲು ಒಳಗೆ ಬಂದೆ.

ಮೇಲಿನದನ್ನು ನನಗೆ ಓದಿ ಕೇಳಿಸಲಾಯಿತು. ನನಗೆ ಗೊತ್ತಿರುವುದು ಗೊತ್ತಿದೆ ಎಂದೂ, ಗೊತ್ತಿಲ್ಲದ್ದು ಗೊತ್ತಿಲ್ಲ ಎಂದೂ ಬರೆದಿದೆ. ಎರಡೂ ನಿಜ.

ಸ್ಥಳ: ಕಂಪ್ಲಿ
ದಿನಾಂಕ: 12-05-2007
ಸಹಿ: ಶೈಲಜಾ