ಗಾಜಿನ ಮೇಲಿನ ಪಾಚಿ

ತರಕಾರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿಯರಿಬ್ಬರು ನಿಂತಿದ್ದರು. ಅಕ್ಕನ ಕೈಯಲ್ಲಿ ಒಂದೇ ಒಂದು ಎಳೆಯ ಸೌತೆಕಾಯಿ ಇತ್ತು.

"ಹತ್ತು ದಿನ ಮೀನಿನ ತೊಟ್ಟಿ ನೋಡ್ಕೋ ಅಂದ್ರೆ, ತಳದಲ್ಲಿರೋ ಮೀನನ್ನ ಉಪವಾಸ ಕೆಡವಿದೀಯಲ್ಲೇ. ಹೊಟ್ಟೆ ಬೆನ್ನಿಗೆ ಹತ್ತಿದೆ."

"ದಿನಾ ಎರಡು ಹೊತ್ತು ಊಟ ಹಾಕಿದೀನಕ್ಕ."

"ಅದನ್ನೆಲ್ಲ ಮೇಲಿನವು ನುಂಗ್ತವೆ. ಇದು ಗಾಜಿನ ಪಾಚಿ ತಿಂದು ಬದುಕೋದು."

"ಪಾಚಿ ಎಲ್ಲಿತ್ತು? ನೀನು ಬರೋಷ್ಟರಲ್ಲಿ ಫಳಫಳ ಅನ್ನಲಿ ಅಂತ ದಿನಾ ತಿಕ್ಕಿದೆ."

"ಅದರ ಅನ್ನ ಕಸಿದು ತಟ್ಟೆ ತೊಳೆದಿಟ್ಟೆ ಅಂತೀಯಲ್ಲ. ನಿಮ್ಮನೆ ಪಾತ್ರೆ ಯಾವತ್ತಾದ್ರೂ ಹೀಗೆ ತಿಕ್ಕಿದೀಯಾ?"

ತಂಗಿ ತಲೆ ತಗ್ಗಿಸಿದಳು. "ಬದುಕತ್ತಾ ಅಕ್ಕ?"

"ಈ ಸೌತೆಕಾಯಿ ತಿಂದ್ರೆ ಬದುಕತ್ತೆ. ತೆಳ್ಳಗೆ ಹೆಚ್ಚಿ ನೀನೇ ಹಾಕು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

ಕಾಯನ್ನು ತಂಗಿಯ ಕೈಗಿತ್ತು ಅಕ್ಕ ಸಾಲು ಬಿಟ್ಟು ಹೊರಗೆ ದಾಪುಗಾಲು ಹಾಕಿದಳು.