ಜೇಬಿನಲ್ಲಿದ್ದ ಕೈ

ಅಧ್ಯಕ್ಷತೆ ವಹಿಸಿರುವ ಕೊಟ್ರಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಮೊದಲ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಕೂತಿರುವ ಪೀಣ್ಯದ ಸಭಿಕರೇ,

ಮೂವತ್ತು ವರ್ಷ ಬೇರೆಯವರು ನಿಂತು ಮಾತಾಡಿದರು, ನಾನು ಕೂತು ಕೇಳಿದೆ. ಇವತ್ತು ನಿವೃತ್ತ ನ್ಯಾಯಾಧೀಶನ ಕೈಗೆ ಮೈಕು ಕೊಟ್ಟಿದ್ದೀರಿ. ಊಟ ತಡವಾದರೆ ನಾನು ಹೊಣೆಯಲ್ಲ.

ಒಂದೇ ಒಂದು ಮೊಕದ್ದಮೆಯ ವಿಷಯ ಹೇಳುತ್ತೇನೆ. ಮಾಕಳಿಯ ಮುನೀಂದ್ರ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದ ಕಾರ್ಮಿಕ. ಜಗಳದಲ್ಲಿ ಮೇಲ್ವಿಚಾರಕನಿಗೆ ರಾಡಿನಿಂದ ಹೊಡೆದು ಭುಜದ ಮೂಳೆ ಮುರಿದ. ತಪ್ಪು ಸಾಬೀತಾಯಿತು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಶಿಕ್ಷೆ ಎಷ್ಟು ಎಂಬುದಷ್ಟೇ ಉಳಿದಿತ್ತು. ಹೇಳುವುದೇನಾದರೂ ಇದೆಯೇ ಎಂದು ಕೇಳಿದೆ. ಆತ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ, "ತಪ್ಪಾಯ್ತು ಸ್ವಾಮಿ" ಅಂದ. ನನಗೆ ಮೈಯೆಲ್ಲ ಉರಿಯಿತು. ಕೋರ್ಟಿನ ಮುಂದೆ ಜೇಬಲ್ಲಿ ಕೈಯೇ? ಇದು ಪಶ್ಚಾತ್ತಾಪವೇ, ನಾಟಕವೇ? ಮೂರು ವರ್ಷ ಎಂದುಕೊಂಡಿದ್ದವನು ಏಳು ವರ್ಷ ಬರೆಸಿದೆ. 'ಈತನ ಭಂಗಿಯಲ್ಲಿ ಪಶ್ಚಾತ್ತಾಪದ ಲವಲೇಶವೂ ಇಲ್ಲ' ಎಂಬ ವಾಕ್ಯವನ್ನೂ ಸೇರಿಸಿದೆ. ವಾಕ್ಯ ಚೆನ್ನಾಗಿ ಬಂತು ಎಂದು ಖುಷಿಯೂ ಪಟ್ಟೆ.

ಮೇಲ್ಮನವಿಗಾಗಿ ಕಡತ ಹೈಕೋರ್ಟಿಗೆ ಹೊರಟಾಗ ಪೊಲೀಸರ ದಸ್ತಗಿರಿ ಪತ್ರ ಕಣ್ಣಿಗೆ ಬಿತ್ತು. ಗುರುತಿನ ಚಿಹ್ನೆ: ಬಲಗೈಯಲ್ಲಿ ಮೂರು ಬೆರಳಿಲ್ಲ. ಎರಡು ವರ್ಷ ನನ್ನ ಮೇಜಿನ ಮೇಲೆಯೇ ಇದ್ದ ಹಾಳೆ ಅದು.

ನಿವೃತ್ತನಾದ ಮೇಲೆ ಮಾಕಳಿಗೆ ಹೋದೆ. ಆತನ ತಾಯಿ ಮುನಿಯಕ್ಕ ಬೈಯಲಿಲ್ಲ.

"ಅವ್ನು ಅಂಗೇ ನಿಂತ್ಕೊಳಾದು ಸ್ವಾಮಿ. ಅವ್ನ ಮದ್ವೇಲೂ ಅಂಗೇ ನಿಂತಿದ್ದ. ನೀವೊಂದ್ ಮಾತು ಕೇಳ್ಬೋದಿತ್ತು" ಎಂದರು.

ಕೇಳಬಹುದಿತ್ತು. ಬೇರೆ ಯಾರಿಗೂ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ನನ್ನ ತಂದೆಯೂ ಇದೇ ರಸ್ತೆಯ ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡವರು. ನನ್ನ ಮದುವೆಯ ಒಂದು ಫೋಟೋದಲ್ಲೂ ಅವರ ಎಡಗೈ ಕಾಣುವುದಿಲ್ಲ. "ಅಪ್ಪಾ, ಬೀಗರ ಮುಂದೆ ಕೈ ಜೇಬಲ್ಲಿಟ್ಕೊಂಡಿರು" ಎಂದು ಹೇಳಿದವನು... ನಾನೇ. ಸ್ವಲ್ಪ ನೀರು ಕೊಡಿ.

ಮೇಲ್ಮನವಿಯ ವಿಚಾರಣೆ ಸೋಮವಾರ. ನನ್ನ ತಪ್ಪನ್ನು ಬರೆದು, ಸಹಿ ಹಾಕಿ, ಮುನೀಂದ್ರನ ವಕೀಲರಿಗೆ ಕೊಟ್ಟಿದ್ದೇನೆ. ತೀರ್ಪು ಕೊಟ್ಟವನೇ ಹೀಗೆ ಬರೆದುಕೊಡುವ ಪದ್ಧತಿ ಇಲ್ಲ, ಇದ್ದ ಮರ್ಯಾದೆಯೂ ಹೋಗುತ್ತದೆ ಎಂದು ಸ್ನೇಹಿತರು ತಡೆದರು. ಹೋಗಲಿ ಕಣ್ರೀ. ನ್ಯಾಯಾಲಯ ಆ ಪತ್ರವನ್ನು ಪಕ್ಕಕ್ಕಿಡಬಹುದು. ನಾನು ಮಾತ್ರ ಹಿಂದೆ ಸರಿಯುವುದಿಲ್ಲ. ಅವತ್ತು ಮುನಿಯಕ್ಕನ ಪಕ್ಕದಲ್ಲಿ ಕೂತಿರುತ್ತೇನೆ.

ನೀವು ಕೊಟ್ಟ ಸನ್ಮಾನ ಪತ್ರದಲ್ಲಿ 'ಇವರ ಒಂದು ತೀರ್ಪನ್ನೂ ಮೇಲಿನ ನ್ಯಾಯಾಲಯ ಬದಲಿಸಿಲ್ಲ' ಎಂಬ ಸಾಲಿದೆ. ಪ್ರೀತಿಯಿಂದ ಬರೆಸಿದ್ದೀರಿ, ನಿಮಗೆಲ್ಲ ಕೃತಜ್ಞ. ಆದರೆ ಸೋಮವಾರ ಆ ಸಾಲು ಸುಳ್ಳಾಗಲಿ ಎಂದು ನನ್ನ ಜೊತೆ ನೀವೂ ಹಾರೈಸಿ. ನಮಸ್ಕಾರ.