ಕೋಸಂಬರಿಗೆ ಮುಂಚೆ ಒಂದು ಮಾತು

ಅಧ್ಯಕ್ಷೆ ಗಂಗಾಂಬಿಕಾ ಆಂಟಿ ಅವರೇ, ವೇದಿಕೆಯ ಮೇಲಿನ ಅತಿಥಿಗಳೇ, ಒಗ್ಗರಣೆಯ ಪರಿಮಳ ಬಂದಮೇಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನನ್ನ ಹೆಸರು ನಿದಾ. ಊರು ಮೈಸೂರು, ಓದಿದ್ದು ಧಾರವಾಡದ ಒಂದು ಹಾಸ್ಟೆಲ್‌ನಲ್ಲಿ. ಈಗ ಇಲ್ಲೇ ಅಟ್ಲಾಂಟಾದಲ್ಲಿ ಪಬ್ಲಿಕ್ ಹೆಲ್ತ್, ಫಸ್ಟ್ ಇಯರ್. ನಮ್ಮ ಹಾಸ್ಟೆಲ್‌ನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದ್ದರಿಂದ ನಡುನಡುವೆ ಇಂಗ್ಲಿಷ್ ನುಗ್ಗಿದರೆ ಸಹಿಸಿಕೊಳ್ಳಬೇಕು.

ಈ ಯುಗಾದಿ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದ್ದು ನಾರ್ತ್ ಕೆರೊಲಿನಾದ ಸ್ಟ್ರಾಬೆರಿ ತೋಟಗಳಲ್ಲಿ ಮಾಡಿದ ಸೇವೆಗಾಗಿ. ಆದರೆ ನೀವು ಊಟಕ್ಕೆ ಏಳುವ ಮೊದಲು ಇವತ್ತಿನ ಕೋಸಂಬರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೇಳಿದಮೇಲೆ ಶಾಲು ವಾಪಸ್ ಕೇಳುತ್ತೀರೋ ಏನೋ ಎಂಬ ಭಯ. ಮೊದಲು ತೋಟದ ಕಥೆ ಹೇಳಿ ಸ್ವಲ್ಪ ಧೈರ್ಯ ತಂದುಕೊಳ್ಳುತ್ತೇನೆ.

ಅಲ್ಲಿ ಹಣ್ಣು ಬಿಡಿಸುವವರು ಹೆಚ್ಚಾಗಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರು. ಅವರಿಗೆ ನಮ್ಮ ಪ್ರೊಫೆಸರ್ ಸ್ಪ್ಯಾನಿಷ್‌ನಲ್ಲಿ ಆಹಾರ ಸುರಕ್ಷತೆಯ ಟ್ರೇನಿಂಗ್ ಕೊಡುತ್ತಾರೆ. ಚಿತ್ರದ ಕಾರ್ಡ್ ಎತ್ತಿ ಹಿಡಿಯುವುದು, ಎಲ್ಲರ ಕೈಗೂ ಒಂದು ಪುಡಿ ಹಚ್ಚುವುದು ನನ್ನ ಕೆಲಸ. ಕೈ ತೊಳೆದು ಬಂದಮೇಲೆ ನೀಲಿ ಲೈಟ್ ಹಿಡಿದರೆ, ಸರಿಯಾಗಿ ತೊಳೆಯದ ಕಡೆ ಆ ಪುಡಿ ಹೊಳೆಯುತ್ತದೆ. ಎಲ್ಲರಿಗಿಂತ ಜೋರಾಗಿ ಹೊಳೆದದ್ದು ಯಾರ ಕೈ? ನನ್ನದೇ! ಎಲ್ವಿರಾ ಎಂಬ ಐವತ್ತರ ಹೆಂಗಸು, "ಲೈಟ್ ಆರಿಸಮ್ಮ, ನಿನ್ನ ಕೈಯೇ ಸಾಕು, ಶೆಡ್ಡೆಲ್ಲ ಬೆಳಕು" ಅಂದರು. ಶೆಡ್ಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಆಮೇಲೆ ಪ್ರೊಫೆಸರ್ ಕೇಳಿದರು: "ಹೊಟ್ಟೆ ಕೆಟ್ಟಿದ್ದರೂ ಕೆಲಸಕ್ಕೆ ಬಂದವರು ಯಾರಾದರೂ ಇದ್ದೀರಾ?" ನಗು ನಿಂತುಹೋಯಿತು. ಬಾಗಿಲಲ್ಲಿ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದ. ಯಾರು ಕೈ ಎತ್ತುತ್ತಾರೆ?

ನನಗೆ ಮೌನ ಎಂದರೆ ಭಯ. ಭಯವಾದರೆ ಬಾಯಿ ತಾನಾಗಿ ಓಡುತ್ತದೆ. ನನ್ನ ಹರುಕು ಸ್ಪ್ಯಾನಿಷ್‌ನಲ್ಲಿ ಹಾಸ್ಟೆಲ್ ಕಥೆ ಹೇಳಿಬಿಟ್ಟೆ. ಎಂಟನೇ ಕ್ಲಾಸು, ಆನ್ಯುಯಲ್ ಡೇ. ನನಗೆ ಹೊಟ್ಟೆ ಕೆಟ್ಟಿತ್ತು. ಸಿಕ್ ರೂಮಿಗೆ ಹೋದರೆ ಡಾನ್ಸ್ ತಪ್ಪುತ್ತದೆ ಎಂದು ಮುಚ್ಚಿಟ್ಟೆ. ಪಾನಕಕ್ಕೆ ನಿಂಬೆಹಣ್ಣು ಹಿಂಡಿದವಳೂ ನಾನೇ. ಮರುದಿನ ಹನ್ನೊಂದು ಹುಡುಗಿಯರಿಗೆ ವಾಂತಿ.

ಅಲ್ಲಿ ಹೇಳಿದ್ದು ಇಷ್ಟೇ. ಉಳಿದದ್ದು ಈ ಭಾಷಣದ ಚೀಟಿಯಲ್ಲೂ ಇಲ್ಲ. ವಾರ್ಡನ್ ಬೈದದ್ದು ಅಡುಗೆಯ ಶಾಂತವ್ವನಿಗೆ. "ಎಲ್ಲಾ ತೊಳದ ಮಾಡೇನ್ರಿ ಮೇಡಮ್ಮಾರ" ಅನ್ನುತ್ತ ಆಕೆ ಸಾಲಿನಲ್ಲಿ ನಿಂತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನಾನು ತಟ್ಟೆ ನೋಡುತ್ತ ನಿಂತೆ. ಮುಂದಿನ ವಾರ ಬೇರೆ ಯಾರೋ ಬಡಿಸಿದರು. ಅದನ್ನೂ ಉಂಡೆ.

ಇರಲಿ. ಶೆಡ್ಡಿನಲ್ಲಿ ನನ್ನ ಕಥೆ ಮುಗಿದಾಗ ಎಲ್ವಿರಾ ಎದ್ದು ನಿಂತರು. "ಬೆಳಗ್ಗೆಯಿಂದ ನಂದೂ ಹೊಟ್ಟೆ ಸರಿಯಿಲ್ಲ ಮಗಳೇ," ಎಂದವರು ಬಾಗಿಲ ಕಡೆ ತಿರುಗಿದರು. "ಹೇಳಿದ್ದೀನಿ. ಇನ್ನು ನನಗೆ ಕೆಲಸ ಇರುತ್ತಾ?"

ಸೂಪರ್‌ವೈಸರ್ ತಡವಾಗಿ, ಬಹಳ ತಡವಾಗಿ, "ಇರುತ್ತೆ" ಅಂದ. ಎಲ್ವಿರಾ ಬೆಳಗ್ಗೆ ತುಂಬಿಸಿದ ಡಬ್ಬಿಗಳನ್ನೆಲ್ಲ ಬೇರೆ ತೆಗೆದಿಟ್ಟರು. ತೋಟದಲ್ಲಿ ಬಿಡಿಸಿದ ಕೈಯೇ ಡಬ್ಬಿಗೂ ತುಂಬುತ್ತದೆ; ಆ ಡಬ್ಬಿ ನೇರವಾಗಿ ಅಂಗಡಿಗೆ ಹೋಗುತ್ತದೆ. ಸ್ಟ್ರಾಬೆರಿಯನ್ನು ಯಾರು ಬೇಯಿಸಿ ತಿನ್ನುತ್ತಾರೆ?

ಮುಂದಿನ ಶನಿವಾರ ಮತ್ತೆ ತೋಟಕ್ಕೆ ಹೋದಾಗ ಎಲ್ವಿರಾ ಬಂದಿದ್ದಾರಾ ಎಂದು ವಿಚಾರಿಸಿದೆ. "ಆ ಕೊನೇ ಸಾಲಿನಲ್ಲಿ ಇರಬೇಕು" ಅಂದರು. ಹೋಗಿ ನೋಡಲಿಲ್ಲ. ಇಲ್ಲದಿದ್ದರೆ ಎಂಬ ಹೆದರಿಕೆ.

ಈಗ ಕೋಸಂಬರಿ. ಬೆಳಗ್ಗೆ ಗಂಗಾಂಬಿಕಾ ಆಂಟಿ, "ನಿದಾ, ಕೋಸಂಬರಿ ನೀನೇ ಕಲಸಮ್ಮ, ನಮ್ಮನೆ ಹುಡುಗಿ ಅಲ್ವಾ ನೀನು?" ಅಂದರು. ಈ ಊರಿಗೆ ಬಂದು ಎಂಟು ತಿಂಗಳು. ಹಾಗೆ ಅಂದವರು ಅವರೊಬ್ಬರೇ. ನಿನ್ನೆ ಸಂಜೆಯಿಂದ ನನಗೆ ಎರಡು ಸಲ ವಾಂತಿಯಾಗಿತ್ತು. ಆದರೂ "ಬೇಡ ಆಂಟಿ" ಅನ್ನಲು ಬಾಯಿ ಬರಲಿಲ್ಲ. ಕೈ ತೊಳೆದೆ, ಗ್ಲೌಸ್ ಹಾಕಿಕೊಂಡೆ, ಕಲಸಿದೆ. ಆದರೆ ನಾನೇ ಎತ್ತಿ ಹಿಡಿದ ಕಾರ್ಡಿನಲ್ಲಿ ಗ್ಲೌಸ್ ಹಾಕಿದರೆ ಪರವಾಗಿಲ್ಲ ಎಂದು ಎಲ್ಲೂ ಇಲ್ಲ. ಹೊಟ್ಟೆ ಕೆಟ್ಟವರು ಇನ್ನೊಬ್ಬರ ಊಟ ಮುಟ್ಟಬಾರದು, ಅಷ್ಟೇ.

ಕೋಸಂಬರಿಯನ್ನೂ ಯಾರೂ ಬೇಯಿಸುವುದಿಲ್ಲ.

ಆದ್ದರಿಂದ ಎಡಗಡೆ ಟೇಬಲ್ ಮೇಲಿರುವ ದೊಡ್ಡ ಸ್ಟೀಲ್ ಪಾತ್ರೆಯನ್ನು ದಯವಿಟ್ಟು ಯಾರೂ ಮುಟ್ಟಬೇಡಿ. ಬೇಳೆ ನೆನೆಸಿದವರ ತಪ್ಪಿಲ್ಲ, ಸೌತೆಕಾಯಿ ಹೆಚ್ಚಿದವರ ತಪ್ಪಿಲ್ಲ, ಅಡುಗೆಯವರ ತಪ್ಪು ಖಂಡಿತ ಇಲ್ಲ. ತಪ್ಪು ನನ್ನದು. ಬೇರೆ ಯಾವುದನ್ನೂ ನಾನು ಮುಟ್ಟಿಲ್ಲ. ಹೋಳಿಗೆಯನ್ನು ಧೈರ್ಯವಾಗಿ ತಿನ್ನಿ.

ಆಂಟಿ, ಶಾಲಿನ ವಿಷಯ ಆಮೇಲೆ ಹೇಳಿ. ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಕೈ ಕುಲುಕಲು ಯಾರೂ ಬರಬೇಡಿ. ಇಲ್ಲಿಂದಲೇ, ದೂರದಿಂದಲೇ, ನಮಸ್ಕಾರ.